ಹತ್ತು ವರ್ಷ ನಿಂತ ಮೋರಿಸ್ ಮೈನರ್: ಸೆಲ್ಫ್ ಹೊಡೆಯುವ ಮೊದಲು

ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಹಳೇ ಕಾರು ಕೈಗೆ ಬಂದ ದಿನ ಹೆಚ್ಚಿನವರು ಮಾಡುವುದು ಇಷ್ಟೇ. ಹೊಸ ಬ್ಯಾಟರಿ ತಂದು ಕೂರಿಸುತ್ತಾರೆ, ಐದು ಲೀಟರ್ ಪೆಟ್ರೋಲ್ ಸುರಿಯುತ್ತಾರೆ, ಸೆಲ್ಫ್ ಹೊಡೆಯುತ್ತಾರೆ. ಇಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡರೆ ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆ ಒಂದು ನಿಮಿಷದಲ್ಲಿ ತುಕ್ಕು ಹಿಡಿದ ಸಿಲಿಂಡರ್ ಗೋಡೆಯ ಮೇಲೆ ರಿಂಗ್‌ಗಳು ಗೀರು ಎಳೆದಿರುತ್ತವೆ, ಟ್ಯಾಂಕಿನ ತಳದ ಕಸವೆಲ್ಲ ಕಾರ್ಬ್ಯುರೇಟರಿಗೆ ಬಂದು ಸೇರಿರುತ್ತದೆ. ಅದೂ ಹೋಗಲಿ. ಇಂಜಿನ್ ಸ್ಟಾರ್ಟ್ ಆಯಿತೆಂದರೆ ಯಾರಾದರೊಬ್ಬರು ಗೇರ್ ಹಾಕಿ ಅಂಗಳದಾಚೆಗೆ ಓಡಿಸಿಯೇ ಓಡಿಸುತ್ತಾರೆ. ಬ್ರೇಕ್ ಇಲ್ಲವೆಂಬುದು ಗೊತ್ತಾಗುವುದು ಗೇಟಿನ ಹತ್ತಿರ.

ನಿಂತ ಕಾರಿನ ಕೆಲಸ ಬ್ರೇಕಿನಿಂದ ಶುರುವಾಗಬೇಕು. ಆಮೇಲೆ ಮುಂದಿನ ಚಕ್ರಗಳ ಹಿಡಿತ, ಆಮೇಲೆ ಇಂಜಿನ್. ಈ ಕ್ರಮವನ್ನು ತಿರುಗಾ ಮುರುಗಾ ಮಾಡಬೇಡಿ. ಇಲ್ಲಿ ಮೋರಿಸ್ ಮೈನರನ್ನೇ ಹಿಡಿದು ಹೇಳುತ್ತೇನೆ. ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದ ಈ ಕಾರು 1948ರಲ್ಲಿ ಬಂತು. ನಮ್ಮಲ್ಲಿ ಹಿಂದುಸ್ತಾನ್ ಮೋಟಾರ್ಸ್ ಅದನ್ನು ಬೇಬಿ ಹಿಂದುಸ್ತಾನ್ ಎಂಬ ಹೆಸರಿನಲ್ಲಿ ಜೋಡಿಸಿ ಮಾರಿತು. ಮೊದಲ ಕಾರುಗಳಲ್ಲಿ 918 ಸಿಸಿ ಸೈಡ್ ವಾಲ್ವ್ ಇಂಜಿನ್ ಇತ್ತು. ನಂತರದವುಗಳಲ್ಲಿ ಎ-ಸೀರೀಸ್ ಇಂಜಿನ್: ಮೊದಲು 803 ಸಿಸಿ, 1956ರಿಂದ 948, 1962ರಿಂದ 1098. ಕೆಳಗೆ ಕೊಟ್ಟಿರುವ ಅಳತೆಗಳೆಲ್ಲ ಎ-ಸೀರೀಸ್ ಕಾರುಗಳವು. ಸೈಡ್ ವಾಲ್ವ್ ಕಾರಿಗೆ ಇವನ್ನು ಬಳಸಬೇಡಿ.

ಕಾರನ್ನು ಜಾಕ್ ಮೇಲೆ ಏರಿಸುವ ಮುನ್ನವೇ ಒಂದು ಎಚ್ಚರಿಕೆ. ಮೈನರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದಿನ ಎರಡು ಉದ್ದನೆಯ ಕಾಲುಗಳು, ಮುಂದಿನ ಸೀಟಿನ ಕೆಳಗೆ ಅಡ್ಡಕ್ಕೆ ಹಾಯುವ ಕ್ರಾಸ್‌ಮೆಂಬರ್, ಬಾಗಿಲ ಕೆಳಗಿನ ಸಿಲ್‌ಗಳು, ಹಿಂದಿನ ಪಟ್ಟಿ ಸ್ಪ್ರಿಂಗ್ ತೂಗುವ ಹ್ಯಾಂಗರ್‌ಗಳು, ಇಷ್ಟೇ ಇಡೀ ಕಾರಿನ ಎಲುಬು. ತುಕ್ಕು ಮೊದಲು ಹಿಡಿಯುವುದೂ ಇಲ್ಲಿಯೇ. ಕರಾವಳಿಯ ಉಪ್ಪುಗಾಳಿಯಲ್ಲಿ ಅಥವಾ ಮಲೆನಾಡಿನ ಮಳೆಯಲ್ಲಿ ನಿಂತ ಕಾರಾದರೆ ಜಾಕಿಂಗ್ ಪಾಯಿಂಟಿಗೆ ಜಾಕ್ ಕೊಟ್ಟ ಕೂಡಲೇ ಅದು ಬಿಸ್ಕತ್ತಿನ ಹಾಗೆ ಒಳಗೆ ಕುಸಿಯಬಹುದು. ಕಾರ್ಪೆಟ್ ಎತ್ತಿ, ಸ್ಕ್ರೂಡ್ರೈವರ್ ಹಿಡಿಯಿಂದ ಈ ಜಾಗಗಳನ್ನೆಲ್ಲ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಕಣಕಣ ಎನ್ನುತ್ತದೆ, ಕೊಳೆತದ್ದು ದಪ್ಪ ಸದ್ದು ಮಾಡುತ್ತದೆ. ಅಂಡರ್‌ಕೋಟ್ ದಪ್ಪಗೆ ಬಳಿದಿರುವ ಕಾರನ್ನು ಇನ್ನಷ್ಟು ಅನುಮಾನದಿಂದ ನೋಡಿ, ಎಷ್ಟೋ ಸಲ ಅಲ್ಲಿ ತಗಡೇ ಇರುವುದಿಲ್ಲ. ಟಿಂಕರಿಂಗ್ ಬೇಕಿದ್ದರೆ ಅದನ್ನು ಮೊದಲು ಮುಗಿಸಬೇಕು. ಬಾಗಿಲುಗಳನ್ನು ಹಾಕಿಟ್ಟುಕೊಂಡೇ ಸಿಲ್ ವೆಲ್ಡಿಂಗ್ ಮಾಡಿಸಿ. ಬಾಗಿಲು ತೆಗೆದು ಸಿಲ್ ಕತ್ತರಿಸಿದರೆ ಬಾಡಿ ಬಾಗುತ್ತದೆ. ಆಮೇಲೆ ಬಾಗಿಲು ಎಷ್ಟು ಹೊಂದಿಸಿದರೂ ಮುಚ್ಚುವುದಿಲ್ಲ.

ಈಗ ಬ್ರೇಕ್. ಮೈನರ್‌ನದು ಒಂದೇ ಸರ್ಕ್ಯೂಟ್. ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ, ಉಳಿಯುವುದು ಹಿಂದಿನ ಚಕ್ರಗಳ ಹ್ಯಾಂಡ್‌ಬ್ರೇಕ್ ಒಂದೇ. ಆದ್ದರಿಂದ "ಸದ್ಯಕ್ಕೆ ಇದೊಂದು ಸಿಲಿಂಡರ್ ಬದಲಿಸೋಣ" ಎನ್ನುವ ಲೆಕ್ಕ ಇಲ್ಲಿ ಬೇಡ. ಮುಂದಿನ ಒಂದೊಂದು ಚಕ್ರಕ್ಕೆ ಎರಡು ವೀಲ್ ಸಿಲಿಂಡರ್, ಹಿಂದಿನದಕ್ಕೆ ಒಂದೊಂದು, ಒಟ್ಟು ಆರು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಕಾರು ನಿಂತಾಗ ಆ ನೀರು ಸಿಲಿಂಡರಿನ ತಳಕ್ಕೆ ಇಳಿದು ಕೂರುತ್ತದೆ, ಅಲ್ಲಿ ಸಾಸಿವೆ ಕಾಳಿನಷ್ಟು ಗುಳಿ ಬೀಳುತ್ತದೆ. ಹೊಸ ರಬ್ಬರ್ ಕಪ್ ಹಾಕಿದರೂ ಆ ಗುಳಿಯ ಮೇಲೆ ಓಡಾಡುವಾಗ ಅದು ಹರಿಯುತ್ತದೆ. ಸಿಲಿಂಡರ್ ಒಳಗೆ ಬೆರಳಿನ ಉಗುರು ಆಡಿಸಿ ನೋಡಿ, ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಆ ಸಿಲಿಂಡರ್ ಗುಜರಿಗೆ. ಇಲ್ಲವೇ ಒಳಗೆ ಸ್ಟೀಲ್ ಸ್ಲೀವ್ ಕೂರಿಸಬೇಕು. ಸ್ಲೀವ್ ಕೆಲಸ ತಿಳಿದ ಲೇತ್ ಅಂಗಡಿ ಸಿಕ್ಕರೆ ಅದು ಹೊಸ ಸಿಲಿಂಡರಿಗಿಂತ ಬಾಳಿಕೆ ಬರುತ್ತದೆ.

ಪೆಡಲ್ ಒತ್ತಿದಾಗ ಚಕ್ರಗಳಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬಾನೆಟ್ಟಿನ ಕೆಳಗೆ ಕಾಣುವುದಿಲ್ಲ ಎಂದು ಹೊಸಬರು ಗಾಬರಿಯಾಗುತ್ತಾರೆ. ಅದು ಇರುವುದು ಡ್ರೈವರ್ ಕಾಲಡಿಯಲ್ಲಿ, ಮೇಲೆ ಹೇಳಿದ ಬಾಡಿಯ ಉದ್ದನೆಯ ಕಾಲಿನೊಳಗೆ. ಕಾರ್ಪೆಟ್ ಸರಿಸಿ, ನೆಲದ ಮುಚ್ಚಳ ತೆಗೆದರೆ ಅದರ ಬಾಯಿ ಕಾಣುತ್ತದೆ. ಆ ಮುಚ್ಚಳದ ಸುತ್ತ ಹತ್ತಾರು ವರ್ಷದ ಮಣ್ಣು ಕೂತಿರುತ್ತದೆ. ಮೊದಲು ಬ್ರಷ್ ಹಾಕಿ, ಗಾಳಿ ಹೊಡೆದು ಒರೆಸಿ, ಆಮೇಲಷ್ಟೇ ಬಿಚ್ಚಿ. ಒಂದು ಚಿಟಿಕೆ ಮರಳು ಒಳಗೆ ಬಿದ್ದರೆ ಹೊಸ ಕಪ್‌ಗಳೂ ಹಾಳು. ಮಾಸ್ಟರ್ ಸಿಲಿಂಡರನ್ನು ಹೊರಗೆ ತೆಗೆಯುವುದು ಈ ಕಾರಿನ ಅತ್ಯಂತ ಕಿರಿಕಿರಿಯ ಕೆಲಸ. ಹಿಡಿದಿರುವ ಬೋಲ್ಟ್ ಹೊರಬರಲು ಟಾರ್ಷನ್ ಬಾರ್, ಅಂದರೆ ಮುಂದಿನ ಚಕ್ರಕ್ಕೆ ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಸರಳು, ಅಡ್ಡ ನಿಲ್ಲುತ್ತದೆ. ಬಾರನ್ನು ಸರಿಸದೆ ಬೋಲ್ಟ್ ಕತ್ತರಿಸಿ ತೆಗೆಯುವವರಿದ್ದಾರೆ. ಮತ್ತೆ ಹಾಕುವಾಗ ಬೋಲ್ಟನ್ನು ತಿರುವಿ, ಅಂದರೆ ನಟ್ಟು ಬಾರ್ ಇರುವ ಕಡೆಗೆ ಬರುವಂತೆ ಹಾಕಿದರೆ ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ.

ರಬ್ಬರ್ ಹೋಸ್ ಮೂರು: ಮುಂದೆ ಎರಡು, ಹಿಂದೆ ಒಂದು. ಹೊರಗಿನಿಂದ ಚೆನ್ನಾಗಿಯೇ ಕಂಡರೂ ಮೂರನ್ನೂ ಬದಲಿಸಿ. ಹಳೇ ಹೋಸ್ ಒಳಗೆ ಊದಿಕೊಂಡು ಕವಾಟದ ಹಾಗೆ ಕೆಲಸ ಮಾಡುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ಹಿಂದೆ ಬರುವುದಿಲ್ಲ, ಆ ಚಕ್ರ ಹಿಡಿದುಕೊಂಡೇ ಇರುತ್ತದೆ. ಶೂ, ಡ್ರಮ್, ಸಿಲಿಂಡರ್ ಎಲ್ಲ ಬದಲಿಸಿದರೂ ಡ್ರಮ್ ಬಿಸಿಯಾಗುವುದು ನಿಲ್ಲಲಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಪೈಪುಗಳನ್ನು 3/16 ಇಂಚಿನ ತಾಮ್ರ-ನಿಕ್ಕಲ್ ಮಿಶ್ರಲೋಹದ್ದರಲ್ಲಿ ಮಾಡಿಸಿದರೆ ಮತ್ತೆ ತುಕ್ಕಿನ ಯೋಚನೆಯಿಲ್ಲ. ಆಯಿಲ್ ಡಾಟ್ 4 ಸಾಕು. ಸಿಲಿಕೋನ್ ಡಾಟ್ 5 ತೇವ ಹೀರುವುದಿಲ್ಲ, ಪೇಂಟ್ ತಿನ್ನುವುದಿಲ್ಲ ಎಂಬುದು ನಿಜ. ಆದರೆ ಅದನ್ನು ಹಾಕಬೇಕಾದರೆ ಇಡೀ ಸಿಸ್ಟಮ್ ಒಣಗಿರಬೇಕು, ಎಲ್ಲ ರಬ್ಬರ್ ಹೊಸದಾಗಿರಬೇಕು, ಹಳೆಯದರ ಮೇಲೆ ಸುರಿಯುವಂತಿಲ್ಲ. ದಾರಿಯಲ್ಲಿ ಕಡಿಮೆ ಬಿದ್ದಾಗ ಹೈವೇ ಅಂಗಡಿಯಲ್ಲಿ ಸಿಗುವುದೂ ಇಲ್ಲ. ನನ್ನ ಮತ ಡಾಟ್ 4ಕ್ಕೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವ ಶಿಸ್ತಿನೊಂದಿಗೆ.

ಬ್ಲೀಡ್ ಮಾಡುವಾಗ, ಅಂದರೆ ಪೈಪಿನೊಳಗಿನ ಗಾಳಿ ಹೊರಗೆ ಬಿಡುವಾಗ, ಮಾಸ್ಟರ್‌ನಿಂದ ಅತಿ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಅದಕ್ಕೂ ಮೊದಲು ಶೂಗಳನ್ನು ಹೊಂದಿಸಿಕೊಳ್ಳಿ. ಮುಂದೆ ಒಂದೊಂದು ಚಕ್ರಕ್ಕೆ ಎರಡು ಅಡ್ಜಸ್ಟರ್, ಹಿಂದೆ ಒಂದೊಂದು. ಡ್ರಮ್ಮಿನ ತೂತಿನಿಂದ ಸ್ಕ್ರೂಡ್ರೈವರ್ ಹಾಕಿ ಡ್ರಮ್ ಹಿಡಿಯುವವರೆಗೆ ತಿರುಗಿಸಿ, ಒಂದು ಕ್ಲಿಕ್ ಹಿಂದಕ್ಕೆ ಬಿಡಿ. ಮುಂದಿನ ಎರಡನೇ ಅಡ್ಜಸ್ಟರನ್ನು ಮರೆಯುವವರು ಬಹಳ. ಆಮೇಲೆ ಪೆಡಲ್ ಅರ್ಧಕ್ಕೆ ಇಳಿಯುತ್ತದೆ ಎಂದು ಗಾಳಿ ಹುಡುಕುತ್ತಾ ಲೀಟರ್‌ಗಟ್ಟಲೆ ಆಯಿಲ್ ಚೆಲ್ಲುತ್ತಾರೆ. ಪೆಡಲ್ ಸರಿಯಾಯಿತು ಎನಿಸಿದ ಮೇಲೆ ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿದಿರಿ. ಮೆಲ್ಲಗೆ ಕೆಳಗೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಹೊರಗೆ ಅಥವಾ ಮಾಸ್ಟರಿನ ಒಳಗೇ.

ಬ್ರೇಕಿನಷ್ಟೇ ಭಯಪಡಬೇಕಾದದ್ದು ಮುಂದಿನ ಚಕ್ರದ ಟ್ರನಿಯನ್. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವುದು ಕಿಂಗ್‌ಪಿನ್ ಎಂಬ ನೆಟ್ಟಗಿನ ಕಂಬಿಯ ಜೊತೆ, ಆ ಕಂಬಿಯ ತುದಿಗಳನ್ನು ಹಿಡಿಯುವ ತುಂಡೇ ಟ್ರನಿಯನ್. ಮೈನರ್‌ನಲ್ಲಿ ಕಿಂಗ್‌ಪಿನ್ನಿನ ಮೇಲೂ ಕೆಳಗೂ ಮರೆ (ಸ್ಕ್ರೂ ಥ್ರೆಡ್) ಇರುತ್ತದೆ, ಆ ಮರೆ ಹಿತ್ತಾಳೆ ಬಣ್ಣದ ಲೋಹದ ಟ್ರನಿಯನ್ನಿನೊಳಗೆ ತಿರುಗುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಅಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ, ನಡುವೆ ಇರುವುದು ಗ್ರೀಸ್ ಮಾತ್ರ. ಗ್ರೀಸ್ ಒಣಗಿದರೆ ಮರೆ ಸವೆಯುತ್ತದೆ. ಕೊನೆಗೊಂದು ದಿನ ಪೂರ್ತಿ ಸ್ಟೀರಿಂಗ್ ತಿರುಗಿಸಿ ಕಾರನ್ನು ಮೆಲ್ಲಗೆ ಹೊರಳಿಸುವಾಗ ಕೆಳಗಿನ ಮರೆ ಕಳಚಿ ಚಕ್ರ ಮಡ್‌ಗಾರ್ಡ್ ಕೆಳಗೆ ಮಡಚಿ ಬೀಳುತ್ತದೆ. ಪಾರ್ಕಿಂಗ್ ವೇಗದಲ್ಲಿ ಆದರೆ ಮಡ್‌ಗಾರ್ಡ್ ಹೋಗುತ್ತದೆ, ಅಷ್ಟೇ. ಚಾರ್ಮಾಡಿ ತಿರುವಿನಲ್ಲಿ ಆದರೆ ಹೇಳಬೇಕಿಲ್ಲ.

ಪರೀಕ್ಷೆ ಹೀಗೆ. ಚಕ್ರ ನೆಲ ಬಿಡುವಷ್ಟು ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ಅದು ಬೇರಿಂಗ್‌ನ ಆಟ, ಆಗಲೂ ಇದ್ದರೆ ಟ್ರನಿಯನ್ ಅಥವಾ ಕಿಂಗ್‌ಪಿನ್. ಟೈರಿನ ಕೆಳಗೆ ಉದ್ದ ಕಬ್ಬಿಣದ ಕೋಲು ಕೊಟ್ಟು ಮೇಲಕ್ಕೆ ಮೀಟಿ, ಮೇಲೆ ಕೆಳಗೆ ಆಡುವುದೂ ಕಾಣುತ್ತದೆ. ಆಟ ಇದ್ದರೆ ಕಿಂಗ್‌ಪಿನ್ ಮತ್ತು ಟ್ರನಿಯನ್ ಜೋಡಿಯಾಗಿಯೇ ಬದಲಾಗಬೇಕು. ಎಡಕ್ಕೂ ಬಲಕ್ಕೂ ಮರೆಯ ದಿಕ್ಕು ಬೇರೆ ಬೇರೆ, ಒಂದರದನ್ನು ಇನ್ನೊಂದಕ್ಕೆ ಹಾಕಲಾಗದು. ಸವೆದ ಮರೆಗೆ ವೆಲ್ಡಿಂಗ್ ತುಂಬಿಸಿ ಲೇತ್‌ನಲ್ಲಿ ಮತ್ತೆ ಮರೆ ಹಾಕಿಸುವ ಉಪಾಯ ಹೇಳುವವರು ಸಿಗುತ್ತಾರೆ. ಬೇಡವೇ ಬೇಡ. ಟ್ರನಿಯನ್ ಹೊಸದಾಗಿಯೇ ಸಿಗುತ್ತದೆ.

ಗ್ರೀಸ್ 1,600 ಕಿಲೋಮೀಟರಿಗೊಮ್ಮೆ, ಇಲ್ಲವೇ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಗನ್ ಹಿಡಿಯಿರಿ. ಭಾರ ಕೂತಿದ್ದರೆ ಮರೆಯ ಒಂದು ಪಕ್ಕ ಒತ್ತಿಕೊಂಡಿರುತ್ತದೆ, ಬೇಕಾದ ಕಡೆಗೇ ಗ್ರೀಸ್ ಹೋಗುವುದಿಲ್ಲ. ಹಳೇ ಕಪ್ಪು ಗ್ರೀಸ್ ಪೂರ್ತಿ ಹೊರಬಂದು ಹೊಸದು ಕಾಣುವವರೆಗೆ ಒತ್ತಿ. ನಿಪ್ಪಲ್ ಕಟ್ಟಿದ್ದರೆ ಅದನ್ನು ಬಿಚ್ಚಿ ಹೊಸದು ಹಾಕಿ. "ಹೋಗುತ್ತಿಲ್ಲ" ಎಂದು ಬಿಟ್ಟ ಒಂದು ನಿಪ್ಪಲ್‌ನಿಂದಲೇ ಮೇಲೆ ಹೇಳಿದ ಅನಾಹುತವೆಲ್ಲ ಆಗುವುದು. ಇನ್ನೊಂದು ಮಾತು: ಮುಂದಿನ ಶಾಕ್ ಅಬ್ಸಾರ್ಬರಿನ ತೋಳೇ ಇಲ್ಲಿ ಮೇಲಿನ ಸಸ್ಪೆನ್ಶನ್ ತೋಳು. ಟಾರ್ಷನ್ ಬಾರಿನ ಬಿಗಿತ ಅದರ ಮೇಲಿರುತ್ತದೆ. ಕೆಳತೋಳಿಗೆ ಜಾಕ್ ಆಧಾರ ಕೊಡದೆ ಅದರ ಬೋಲ್ಟ್ ಬಿಚ್ಚಿದರೆ ಕೆಳತೋಳು ಏಟು ಹೊಡೆಯುತ್ತದೆ, ಬೆರಳು ಮುರಿಯುವಷ್ಟು.

ಇಷ್ಟಾದ ಮೇಲೆ ಇಂಜಿನ್. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಎರಡು ಟೀ ಚಮಚದಷ್ಟು ತೆಳು ಎಣ್ಣೆ ಬಿಡಿ. ಆಟೋಮ್ಯಾಟಿಕ್ ಗೇರ್ ಆಯಿಲಿಗೆ ಸಮಪ್ರಮಾಣ ಅಸಿಟೋನ್ ಬೆರೆಸಿದ್ದು ಬಿಗಿದ ರಿಂಗ್‌ಗಳ ಸಂದಿಗೆ ಬೇಗ ಇಳಿಯುತ್ತದೆ. ಬೆಂಕಿಯಿಂದ ದೂರವಿಡಿ. ಎರಡು ಮೂರು ದಿನ ಹಾಗೇ ಬಿಡಿ. ಆಮೇಲೆ ರಾಕರ್ ಕವರ್, ಅಂದರೆ ಇಂಜಿನ್ ಮೇಲಿನ ವಾಲ್ವ್‌ಗಳ ಮುಚ್ಚಳ, ತೆಗೆದು, ಮುಂದಿನ ಬಂಪರಿನ ತೂತಿನಿಂದ ಹ್ಯಾಂಡಲ್ ಹಾಕಿ ಕೈಯಿಂದಲೇ ಮೆಲ್ಲಗೆ ತಿರುಗಿಸಿ. ಮೈನರ್‌ಗೆ ಹ್ಯಾಂಡಲ್ ಇರುವುದೇ ಒಂದು ವರ. ಕೈಗೆ ತಿಳಿಯುವ ಬಿಗಿ ಸೆಲ್ಫ್ ಮೋಟರಿಗೆ ತಿಳಿಯುವುದಿಲ್ಲ. ತಿರುಗದಿದ್ದರೆ ಜೋರು ಮಾಡಬೇಡಿ. ನಾಲ್ಕನೇ ಗೇರ್ ಹಾಕಿ ಕಾರನ್ನು ಹಿಂದೆ ಮುಂದೆ ಒಂದಿಂಚಿನಷ್ಟು ಅಲ್ಲಾಡಿಸಿ, ಮತ್ತೆ ಎಣ್ಣೆ ಬಿಡಿ, ಇನ್ನೂ ಒಂದು ವಾರ ಕಾಯಿರಿ. ಅದಕ್ಕೂ ಜಗ್ಗದಿದ್ದರೆ ಹೆಡ್ ಬಿಚ್ಚಬೇಕು.

ತಿರುಗಲು ಶುರುವಾದ ಮೇಲೆ ಎಂಟೂ ವಾಲ್ವ್‌ಗಳ ಮೇಲೆ ಕಣ್ಣಿಡಿ. ಪ್ರತಿಯೊಂದೂ ಕೆಳಗಿಳಿದು ಮತ್ತೆ ಮೇಲೇರಬೇಕು. ಒಂದು ವಾಲ್ವ್ ಗೈಡಿನಲ್ಲಿ ಹಿಡಿದುಕೊಂಡು ಮೇಲೆ ಬರದಿದ್ದರೆ ಅಲ್ಲೇ ನಿಲ್ಲಿಸಿ, ಕಾಂಡಕ್ಕೆ ತೆಳು ಎಣ್ಣೆ ಬಿಟ್ಟು ಮರದ ಸುತ್ತಿಗೆಯಲ್ಲಿ ಹಗುರವಾಗಿ ತಟ್ಟಿ. ಇದನ್ನು ನೋಡದೆ ಸೆಲ್ಫ್ ಹೊಡೆದರೆ ಪುಶ್‌ರಾಡ್ ಬಾಗುವುದು ಖಂಡಿತ.

ಹಳೇ ಎಂಜಿನ್ ಆಯಿಲ್ ಪೂರ್ತಿ ಇಳಿಸಿ. ಮೊದಲು ನೀರು ಬರುತ್ತದೆ, ಆಮೇಲೆ ಆಯಿಲ್. ನೀರು ಒಂದೆರಡು ಚಮಚಕ್ಕಿಂತ ಹೆಚ್ಚಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ. ಫಿಲ್ಟರ್ ಸೇರಿ 3.7 ಲೀಟರ್ 20ಡಬ್ಲ್ಯು-50 ಮಿನರಲ್ ಆಯಿಲ್ ಬೇಕು. ಹೊಸ ಕಾರಿನ ತೆಳು ಸಿಂಥೆಟಿಕ್ ಆಯಿಲ್ ಬೇಡ. ಹಳೇ ಸೀಲ್‌ಗಳ ಸಂದಿಯಲ್ಲಿ ಅದು ನಿಲ್ಲುವುದಿಲ್ಲ, ಕ್ಯಾಮ್ ಮತ್ತು ಟ್ಯಾಪೆಟ್ ನಡುವೆ ಸವೆತ ತಡೆಯಲು ಬೇಕಾದ ಜಿಂಕ್ ಅಂಶವೂ ಅದರಲ್ಲಿ ಕಡಿಮೆ. ಇಲ್ಲೊಂದು ಗೊಂದಲ ಬಗೆಹರಿಸಬೇಕು. ಮೈನರ್ ಗೇರ್‌ಬಾಕ್ಸಿಗೂ ಎಂಜಿನ್ ಆಯಿಲ್ಲನ್ನೇ ಹಾಕಬೇಕು, ಸುಮಾರು 1.3 ಲೀಟರ್. 90 ನಂಬರಿನ ಗೇರ್ ಆಯಿಲ್ ಹೋಗಬೇಕಾದದ್ದು ಹಿಂದಿನ ಆಕ್ಸಲಿಗೆ, 0.85 ಲೀಟರ್. ಬಹಳಷ್ಟು ಗ್ಯಾರೇಜುಗಳಲ್ಲಿ ಎರಡಕ್ಕೂ 90 ಸುರಿಯುತ್ತಾರೆ. ಆಮೇಲೆ ಬೆಳಗಿನ ಹೊತ್ತು ಗೇರ್ ಬೀಳುವುದಿಲ್ಲ ಎಂದು ಸಿಂಕ್ರೊ ರಿಂಗಿನ ಮೇಲೆ ತಪ್ಪು ಹೊರಿಸುತ್ತಾರೆ.

ಪ್ಲಗ್ ಹಾಕದೆಯೇ, ಹತ್ತು ಹತ್ತು ಸೆಕೆಂಡಿನಂತೆ ಸೆಲ್ಫ್ ಹೊಡೆದು ಆಯಿಲ್ ಲೈಟ್ ಆರುವುದನ್ನು ನೋಡಿ. ರಾಕರ್ ಶಾಫ್ಟಿನಿಂದ ಆಯಿಲ್ ಒಸರುವುದೂ ಕಣ್ಣಿಗೆ ಕಾಣಬೇಕು. ಲೈಟ್ ಆರಿದರೂ ಮೇಲೆ ಆಯಿಲ್ ಬರದಿದ್ದರೆ ದಾರಿ ಗಸಿಯಿಂದ ಕಟ್ಟಿದೆ. ಹಾಗೇ ಓಡಿಸಿದರೆ ರಾಕರ್ ಬುಷ್‌ಗಳು ಕಿರುಚಲು ತಡವಾಗುವುದಿಲ್ಲ.

ಟ್ಯಾಪೆಟ್ ಸಂದು (ವಾಲ್ವ್ ಕಾಂಡಕ್ಕೂ ರಾಕರಿಗೂ ನಡುವಿನ ತೆರಪು) 0.012 ಇಂಚು, ಇಂಜಿನ್ ತಣ್ಣಗಿದ್ದಾಗ, ಇನ್‌ಲೆಟ್‌ಗೂ ಎಕ್ಸಾಸ್ಟ್‌ಗೂ ಒಂದೇ. ಯಾವ ವಾಲ್ವ್ ಯಾವಾಗ ನೋಡಬೇಕು ಎಂಬುದಕ್ಕೆ ಒಂಬತ್ತರ ಲೆಕ್ಕ ಇದೆ. ಮುಂದಿನಿಂದ ಎಣಿಸಿ ಎಂಟನೇ ವಾಲ್ವ್ ಪೂರ್ತಿ ಕೆಳಗೆ ಒತ್ತಿದ್ದಾಗ ಒಂದನೆಯದನ್ನು ಹೊಂದಿಸಿ. ಆರನೆಯದು ಒತ್ತಿದ್ದಾಗ ಮೂರನೆಯದು, ನಾಲ್ಕಕ್ಕೆ ಐದು, ಏಳಕ್ಕೆ ಎರಡು. ಎರಡೂ ಸೇರಿದರೆ ಒಂಬತ್ತು ಆಗಬೇಕು, ಅಷ್ಟೇ. ಡಿಸ್ಟ್ರಿಬ್ಯೂಟರಿನೊಳಗೆ ಸ್ಪಾರ್ಕಿಗಾಗಿ ಕರೆಂಟ್ ಕಡಿಯುವ ಪಾಯಿಂಟ್ ಸೆಟ್ಟಿನ ಸಂದು 0.014ರಿಂದ 0.016 ಇಂಚು, ಪ್ಲಗ್ಗಿನದು 0.025. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಸ್ಪಾರ್ಕ್ ಬರುವ ಸರದಿ, 1-3-4-2. ನಿಂತ ಕಾರಿನ ಪಾಯಿಂಟ್‌ಗಳ ಮೇಲೆ ಕಣ್ಣಿಗೆ ಕಾಣದ ಪೊರೆ ಕೂತಿರುತ್ತದೆ. ಸಂದು ಸರಿಯಿದ್ದೂ ಸ್ಪಾರ್ಕ್ ಇರುವುದಿಲ್ಲ. ಸಣ್ಣ ಎಮೆರಿ ಕಾಗದ ಒಮ್ಮೆ ಆಡಿಸಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ.

ಬ್ಯಾಟರಿ ಜೋಡಿಸುವಾಗ ತಡೆಯಿರಿ. ಮೈನರ್ ಕಾರ್ಖಾನೆಯಿಂದ ಬಂದದ್ದು ಪಾಸಿಟಿವ್ ಅರ್ಥ್‌ನಲ್ಲಿ, ಅಂದರೆ ಬಾಡಿಗೆ ಹೋಗುವುದು ಪ್ಲಸ್ ತಂತಿ. ನಮ್ಮ ಕಡೆ ಎಷ್ಟೋ ಕಾರುಗಳನ್ನು ಯಾರೋ ಎಂದೋ ನೆಗೆಟಿವ್‌ಗೆ ಬದಲಿಸಿಬಿಟ್ಟಿರುತ್ತಾರೆ, ಅದನ್ನು ಎಲ್ಲೂ ಬರೆದಿಟ್ಟಿರುವುದಿಲ್ಲ. ಟರ್ಮಿನಲ್ ಕ್ಲಾಂಪಿನ ಗಾತ್ರ, ಕಾಯಿಲ್ ತಂತಿಗಳು ಹೇಗೆ ಕೂತಿವೆ ಎಂಬುದು ಎರಡನ್ನೂ ನೋಡಿ ಖಚಿತಪಡಿಸಿಕೊಳ್ಳಿ. ತಿರುವು ಮುರುವಾಗಿ ಜೋಡಿಸಿದರೆ ಡೈನಮೋ, ರೆಗ್ಯುಲೇಟರ್ ಎರಡಕ್ಕೂ ಪೆಟ್ಟು. ಫೋನ್ ಚಾರ್ಜರ್, ಎಲೆಕ್ಟ್ರಾನಿಕ್ ಇಗ್ನಿಶನ್ ಇದ್ದರೆ ಅದು ಅಲ್ಲೇ ಮುಗಿಯಿತು. ಬಹಳ ಕಾಲ ನಿಂತ ಡೈನಮೋ ತನ್ನ ಉಳಿಕೆ ಕಾಂತತ್ವ ಕಳೆದುಕೊಂಡಿದ್ದರೆ ಚಾರ್ಜ್ ಮಾಡುವುದಿಲ್ಲ. ಅದರ ಎರಡೂ ತಂತಿ ಬಿಚ್ಚಿ, ಬ್ಯಾಟರಿಯ ಲೈವ್ ಕಡೆಯಿಂದ ಒಂದು ತಂತಿ ತಂದು ಸಣ್ಣ ಟರ್ಮಿನಲ್ಲಿಗೆ, ಅಂದರೆ ಎಫ್ ಗುರುತಿನದಕ್ಕೆ, ಎರಡು ಮೂರು ಸಲ ಕ್ಷಣಮಾತ್ರ ತಾಗಿಸಿ. ಹೆಚ್ಚಿನ ಸಲ ಇಷ್ಟಕ್ಕೇ ಜೀವ ಬರುತ್ತದೆ.

ಬಟ್ಟೆ ಸುತ್ತಿದ ಹಳೇ ವೈರಿಂಗ್ ಮುಟ್ಟಿದರೆ ಪುಡಿಯಾಗುವಂತಿದ್ದರೆ ಟೇಪ್ ಸುತ್ತಿ ಕಾಲ ತಳ್ಳಬೇಡಿ. ಈ ಕಾರಿನಲ್ಲಿ ಎರಡೇ ಫ್ಯೂಸ್. ಹೆಡ್‌ಲೈಟ್ ಮತ್ತು ಇಗ್ನಿಶನ್ ದಾರಿಗೆ ಫ್ಯೂಸೇ ಇಲ್ಲ. ಅಲ್ಲಿ ಶಾರ್ಟ್ ಆದರೆ ತಂತಿಯೇ ಫ್ಯೂಸ್ ಆಗಿ ಉರಿಯುತ್ತದೆ. ಬ್ಯಾಟರಿ ಕಟ್-ಆಫ್ ಸ್ವಿಚ್ ಒಂದನ್ನು ಹಾಕಿಸಿ. ಮೂಲ ರೂಪ ಕೆಟ್ಟಿತು ಎಂದು ಯಾವ ತೀರ್ಪುಗಾರರೂ ಅದಕ್ಕೆ ಅಂಕ ಕಳೆಯಬಾರದು.

ಈಗ ಪೆಟ್ರೋಲಿನ ವಿಷಯ. ಇದರ ಬಗ್ಗೆ ಇಂದು ಹಳೇ ಕಾರಿನವರೆಲ್ಲ ತಲೆ ಕೆಡಿಸಿಕೊಂಡಿದ್ದಾರೆ, ಕೆಡಿಸಿಕೊಳ್ಳಬೇಕಾದದ್ದೂ ಹೌದು. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಈಗ ಹೆಚ್ಚುಕಡಿಮೆ ಎಲ್ಲ ಬಂಕಿನಲ್ಲೂ ಅದೇ. ಎಥನಾಲ್ ಮೈನರ್‌ಗೆ ಮೂರು ಕಡೆ ತೊಂದರೆ ಕೊಡುತ್ತದೆ.

ಒಂದು, ಅದು ನೀರು ಹೀರುತ್ತದೆ. ಟ್ಯಾಂಕ್ ಅರ್ಧ ಖಾಲಿ ಇಟ್ಟು ಮಳೆಗಾಲದಲ್ಲಿ ನಿಲ್ಲಿಸಿದರೆ ತೇವ ಹೀರಿದ ಎಥನಾಲ್ ಒಂದು ಹಂತದಲ್ಲಿ ನೀರಿನ ಜೊತೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಪಂಪ್ ಮೊದಲು ಎಳೆಯುವುದು ಅದನ್ನೇ. ಟ್ಯಾಂಕಿಗೆ, ಎಸ್‌ಯು ಕಂಪನಿಯ ಕಾರ್ಬ್ಯುರೇಟರಿನ ಬಟ್ಟಲಿಗೆ ತುಕ್ಕು ಹಿಡಿಯುವುದೂ ಅಲ್ಲಿಂದಲೇ. ಎರಡು, ಹಳೇ ರಬ್ಬರ್ ಹೋಸ್, ಪಂಪಿನ ಡಯಾಫ್ರಂ, ಹಳೇ ಎಸ್‌ಯು ಜೆಟ್ಟಿನ ಕಾರ್ಕ್ ಸೀಲ್ ಇವೆಲ್ಲ ಎಥನಾಲಿನಲ್ಲಿ ಊದುತ್ತವೆ, ಒಣಗಿದಾಗ ಸೀಳುತ್ತವೆ. ಹೋಸ್ ಕೊಳ್ಳುವಾಗ ಅದರ ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನೇ ಕೇಳಿ, ಸೀಲ್‌ಗಳು ವೈಟಾನ್‌ನವು ಇರಲಿ. ಮೀಟರಿನ ಲೆಕ್ಕದಲ್ಲಿ ಸಿಗುವ ಹೆಸರಿಲ್ಲದ ಕಪ್ಪು ಪೈಪ್ ಬೇಡ. ಬಾನೆಟ್ಟಿನೊಳಗೆ ಪೆಟ್ರೋಲ್ ಪಂಪ್ ಇರುವ ಕಾರಿನಲ್ಲಿ ಸೀಳಿದ ಹೋಸ್ ಎಂದರೆ ಬೆಂಕಿ. ಮೂರು, ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳ್ಳಗಾಗುತ್ತದೆ. ಇಂಜಿನ್ ಬಿಸಿ ಏರುತ್ತದೆ, ಎಳೆತ ಕಡಿಮೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು. ಎಸ್‌ಯು ಇದಕ್ಕೆ ಸುಲಭವಾಗಿ ಒಗ್ಗುತ್ತದೆ. ಕೆಳಗಿನ ಜೆಟ್ ನಟ್ಟನ್ನು ಒಂದೊಂದೇ ಮುಖದಷ್ಟು ಕೆಳಗಿಳಿಸಿ, ಪ್ರತಿ ಸಲ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ನನ್ನು ಸ್ವಲ್ಪವೇ ಎತ್ತಿ ಕಿವಿಗೊಡಿ. ವೇಗ ಕ್ಷಣ ಏರಿ ಮತ್ತೆ ಮಾಮೂಲಿಗೆ ಬಂದರೆ ಸರಿ. ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು. ಕುಸಿದು ಆರಿದರೆ ಇನ್ನೂ ಕಡಿಮೆ.

ಬಂಕಿನಲ್ಲಿ ಸಿಕ್ಕ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ ಕುಲುಕಿ, ಹತ್ತು ನಿಮಿಷ ಬಿಡಿ. ಎಥನಾಲೆಲ್ಲ ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಪದರ 10ರಲ್ಲೇ ಇದ್ದರೆ ಎಥನಾಲ್ ಇಲ್ಲ, 28ರ ಹತ್ತಿರ ಬಂದಿದ್ದರೆ ಇ20. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

29.5 ಲೀಟರಿನ ಹಳೇ ಟ್ಯಾಂಕನ್ನು ತಳದ ಪ್ಲಗ್ ಬಿಚ್ಚಿ ಖಾಲಿ ಮಾಡಿ, ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇನಿನ ಹಾಗೆ ಅಂಟಂಟಾದ ವಾರ್ನಿಶ್ ಇದ್ದರೆ ಟ್ಯಾಂಕ್ ಇಳಿಸಿಯೇ ತೊಳೆಯಬೇಕು. ಪಂಪಿನ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಹಾಕಿ. ಕೀಲಿ ತಿರುಗಿಸಿದಾಗ ಎಸ್‌ಯು ಪಂಪ್ ಟಕಟಕ ಬಡಿದು, ಬಟ್ಟಲು ತುಂಬಿದ ಮೇಲೆ ನಿಲ್ಲಬೇಕು. ಸದ್ದೇ ಇಲ್ಲದಿದ್ದರೆ ಅದರ ಪಾಯಿಂಟ್‌ಗಳು ಅಂಟಿವೆ, ಸ್ಕ್ರೂಡ್ರೈವರ್ ಹಿಡಿಯಿಂದ ಒಮ್ಮೆ ತಟ್ಟಿ. ನಿಲ್ಲದೆ ಬಡಿಯುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಫ್ಲೋಟ್ ಸೂಜಿ ಮುಚ್ಚುತ್ತಿಲ್ಲ. ಕಾರ್ಬ್ಯುರೇಟರ್ ಮೇಲಿನ ಡ್ಯಾಂಪರಿಗೆ 20 ನಂಬರಿನ ತೆಳು ಎಣ್ಣೆ. ಪಿಸ್ಟನ್ ಎತ್ತಿ ಬಿಟ್ಟರೆ ಕೆಳಗೆ ಬಂದು "ಟಕ್" ಎನ್ನಬೇಕು.

ಸೀಸದ ಪೆಟ್ರೋಲ್ ನಿಂತು ಕಾಲು ಶತಮಾನವಾಯಿತು. ಮೂಲ ಹೆಡ್‌ನಲ್ಲಿ ಗಟ್ಟಿ ವಾಲ್ವ್ ಸೀಟ್ ಇಲ್ಲ. ಆದರೂ ತಿಂಗಳಿಗೆ ನೂರಿನ್ನೂರು ಕಿಲೋಮೀಟರ್ ಓಡುವ ಕಾರಿಗೆ ಈಗಲೇ ಹೆಡ್ ಬಿಚ್ಚಿಸುವ ಅಗತ್ಯ ನನಗೆ ಕಾಣುವುದಿಲ್ಲ. ಎಕ್ಸಾಸ್ಟ್ ಟ್ಯಾಪೆಟ್ ಸಂದು ಪ್ರತಿ ಸಲವೂ ಕಿರಿದಾಗುತ್ತಾ ಬಂದಿದ್ದರೆ ಸೀಟ್ ಒಳಗೆ ಕುಸಿಯುತ್ತಿದೆ ಎಂದರ್ಥ. ಆಗ ಗಟ್ಟಿ ಸೀಟ್ ಹಾಕಿಸಿ.

ಕೂಲಿಂಗ್ ಬಗ್ಗೆ ಎರಡೇ ಮಾತು. ರೇಡಿಯೇಟರಿನ ನಲ್ಲಿ ಬಿಟ್ಟ ಮಾತ್ರಕ್ಕೆ ಇಂಜಿನ್ ಖಾಲಿಯಾಗುವುದಿಲ್ಲ. ಬ್ಲಾಕಿನ ಹಿಂಭಾಗದಲ್ಲೂ ಒಂದು ನಲ್ಲಿ ಇದೆ, ಅದು ಕೆಸರಿನಿಂದ ಕಟ್ಟಿಯೇ ಇರುತ್ತದೆ. ಬಿಚ್ಚಿ, ತಂತಿ ಹಾಕಿ ಕೆದಕಿ, ನೀರು ರಭಸದಿಂದ ಬರುವವರೆಗೆ ಬಿಡಬೇಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬಿಸಿಯೇರುವ ಕಾರುಗಳಲ್ಲಿ ಎಷ್ಟೋ ಸಲ ರೇಡಿಯೇಟರ್ ಚೆನ್ನಾಗಿಯೇ ಇರುತ್ತದೆ, ನಾಲ್ಕನೇ ಸಿಲಿಂಡರಿನ ಸುತ್ತ ಈ ಕೆಸರು ಹೆಪ್ಪುಗಟ್ಟಿರುತ್ತದೆ. ಬೋರ್‌ವೆಲ್ ನೀರು ಸುರಿಯಬೇಡಿ, ಬಟ್ಟಿ ಇಳಿಸಿದ ನೀರಿಗೆ ಕೂಲಂಟ್ ಬೆರೆಸಿ.

ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡಿರುವುದು ತೇವದ ಊರಿನ ಕಾರುಗಳಲ್ಲಿ ಸಾಮಾನ್ಯ. ಹಿಂದಿನ ಚಕ್ರಗಳನ್ನು ಗಟ್ಟಿ ಸ್ಟ್ಯಾಂಡ್ ಮೇಲೆತ್ತಿ, ಮುಂದಿನವಕ್ಕೆ ಕಲ್ಲು ಕೊಟ್ಟು, ಇಂಜಿನ್ ಬಿಸಿ ಮಾಡಿ, ನಾಲ್ಕನೇ ಗೇರಿನಲ್ಲಿ ಕ್ಲಚ್ ಒತ್ತಿ ಹಿಡಿದು ಬ್ರೇಕನ್ನು ಥಟ್ಟನೆ ಒತ್ತಿದರೆ ಬಿಡುತ್ತದೆ. ಮುಂದೆ ತಿಂಗಳುಗಟ್ಟಲೆ ನಿಲ್ಲಿಸುವಾಗ ಸೀಟಿಗೂ ಪೆಡಲಿಗೂ ನಡುವೆ ಕೋಲು ಕೊಟ್ಟು ಕ್ಲಚ್ ಒತ್ತಿಡಿ. ಟೈರ್ 14 ಇಂಚಿನದು. ಪಟ್ಟೆ ಎಷ್ಟೇ ದಪ್ಪಗಿದ್ದರೂ ಪಕ್ಕದ ನಾಲ್ಕಂಕಿಯ ತಾರೀಕು ನೋಡಿ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹತ್ತು ವರ್ಷ ದಾಟಿದ್ದನ್ನು ಕಾರು ತಳ್ಳಲು ಮಾತ್ರ ಬಳಸಿ.

ಇಷ್ಟೆಲ್ಲವನ್ನೂ ಒಬ್ಬರೇ ಮಾಡಲು ಹೋದರೆ ಸೋಲುತ್ತಾರೆ. ಹಳೇ ಕಾರಿನವರ ಬಳಗ ಇರುವುದು ಭಾನುವಾರ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯಲಷ್ಟೇ ಆದರೆ ಅದು ಅರ್ಧ ಬಳಗ. ನಟ್ಟುಗಳ ವಿಷಯವನ್ನೇ ನೋಡಿ. ಇವೆಲ್ಲ ಇಂಚಿನ ಅಳತೆಯವು: 7/16, 1/2, 9/16. 1/2 ಇಂಚು ಎಂದರೆ 12.7 ಮಿಮೀ. 13ರ ಸ್ಪ್ಯಾನರ್ ಹೇಗೋ ಕೂರುತ್ತದೆ, ಬಿಗಿ ನಟ್ಟಿನ ಮೂಲೆ ಸವೆಸುತ್ತದೆ. ಒಂದು ಊರಿನ ಬಳಗಕ್ಕೆ ಒಳ್ಳೆಯ ಇಂಚಿನ ಸೆಟ್ ಒಂದು, ಟಾರ್ಕ್ ರೆಂಚ್ ಒಂದು, ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್ ಒಂದು ಇದ್ದರೆ ಸಾಕು. ಬ್ರಿಟನ್ನಿನಲ್ಲಿ ಮೋರಿಸ್ ಮೈನರ್ ಓನರ್ಸ್ ಕ್ಲಬ್ ಇಂದಿಗೂ ಗಟ್ಟಿಯಾಗಿದೆ. ಅಲ್ಲಿ ಕಾರುಗಳು ಬಹಳ ಉಳಿದಿರುವುದರಿಂದ ಬಿಡಿಭಾಗ ಮುಕ್ಕಾಲು ಪಾಲು ಹೊಸದಾಗಿಯೇ ತಯಾರಾಗುತ್ತದೆ. ಐದಾರು ಜನ ಸೇರಿ ಒಂದೇ ಪೆಟ್ಟಿಗೆಯಲ್ಲಿ ತರಿಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ. ಬೇರಿಂಗ್, ಸೀಲ್, ಬೆಲ್ಟ್ ಮುಂತಾದವನ್ನು ತರಿಸುವ ಮುನ್ನ ಹಳೆಯದರ ಮೇಲಿನ ನಂಬರ್ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ. ಒಳ ವ್ಯಾಸ, ಹೊರ ವ್ಯಾಸ, ಅಗಲ ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಚೀಟಿ ಮಾಡಿಕೊಂಡು ಹೋಗಿ. ಕಾರಿನ ಹೆಸರು ಹೇಳಿದರೆ "ಇಲ್ಲ" ಎನ್ನುವ ಅಂಗಡಿಯವರೇ ಅಳತೆ ಹೇಳಿದರೆ ತೆಗೆದುಕೊಡುತ್ತಾರೆ. ಆ ಚೀಟಿಯನ್ನು ಬಳಗದಲ್ಲಿ ಎಲ್ಲರಿಗೂ ಕೊಡಿ, ಬಚ್ಚಿಡಬೇಡಿ.

ಕಾಗದಪತ್ರದಲ್ಲೂ ಹಾಗೆಯೇ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ-ಬಾಡಿ-ಇಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದ, ಸ್ವಂತ ಬಳಕೆಯ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ ಹತ್ತು ವರ್ಷ. ಈಗಾಗಲೇ ನೋಂದಣಿಯಿರುವ ಕಾರು ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಾಯಿಸಿದ್ದಕ್ಕೆ ವಿಎ ಅಕ್ಷರಗಳ ಸಾಲಿನ ನಂಬರ್. ಅರ್ಜಿ ಹಾಕುವ ಮುನ್ನ ಇದನ್ನು ಯೋಚಿಸಿ: ವಿಂಟೇಜ್ ನೋಂದಣಿಯಾದ ಕಾರನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನವೂ ತರಕಾರಿಗೆ ಒಯ್ಯುವಂತಿಲ್ಲ. ಕಾರನ್ನು ನಿಜವಾಗಿ ಓಡಿಸುವವರಿಗೆ ಸಾಮಾನ್ಯ ಆರ್‌ಸಿ ನವೀಕರಣವೇ ಒಳ್ಳೆಯದು. 2025ರ ಆಗಸ್ಟ್‌ನಿಂದ 20 ವರ್ಷ ಮೀರಿದ ಕಾರಿಗೆ ನವೀಕರಣ ಶುಲ್ಕ 10,000 ರೂಪಾಯಿಗೆ ಏರಿದೆ, ಅದು ಭಾರವೇ. ಆದರೂ ಓಡದೆ ನಿಂತ ಮೈನರ್ ಮತ್ತೆ ಶೆಡ್ಡಿನ ಸ್ಥಿತಿಗೇ ಹೋಗುತ್ತದೆ.

ಮೊದಲ ಓಟ ಎರಡು ಕಿಲೋಮೀಟರ್, ಹಗಲಿನಲ್ಲಿ, ಹಿಂದೊಂದು ಕಾರು ಇಟ್ಟುಕೊಂಡು. ವಾಪಸ್ ಬಂದು ನಾಲ್ಕೂ ಡ್ರಮ್ಮಿನ ಮೇಲೆ ಕೈ ಇಡಿ, ಒಂದು ಮಾತ್ರ ಸುಡುತ್ತಿದ್ದರೆ ಆ ಕಡೆಯ ಶೂ ಬಿಡುತ್ತಿಲ್ಲ. ಆಮೇಲೆ ಹತ್ತು, ಆಮೇಲೆ ಇಪ್ಪತ್ತು. ಹೆಡ್ ಬಿಚ್ಚಿ ಹಾಕಿದ್ದರೆ 500 ಕಿಲೋಮೀಟರಿಗೆ ಅದರ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಕ್ರಮವಾಗಿ, 40 ಪೌಂಡ್-ಅಡಿಗೆ ಮತ್ತೆ ಬಿಗಿಸಿ, ಟ್ಯಾಪೆಟ್ ಮತ್ತೆ ನೋಡಿ. ಅದೇ ದಿನ ಆಯಿಲ್ ಇಳಿಸಿ ಹೊಸದು ಹಾಕಿ. ವರ್ಷಗಳ ಗಸಿಯೆಲ್ಲ ಈ ಮೊದಲ 500ರಲ್ಲಿ ಕದಡಿ ಅದರಲ್ಲಿ ಬಂದಿರುತ್ತದೆ. ಕಾರು ಹೇಗೂ ಸ್ಟ್ಯಾಂಡ್ ಮೇಲಿರುತ್ತದೆ, ಟ್ರನಿಯನ್ನಿಗೆ ಗ್ರೀಸ್ ಹೊಡೆದೇ ಇಳಿಸಿ.